ತಾರಸಿಯಲ್ಲಿ ಕಾಫಿ ಹುರಿದ ಮಾವ

ನಮ್ಮ ಸೋದರಮಾವನಷ್ಟು ಕಾಫಿಬೀಜ ಸುಟ್ಟವರು ಇಡೀ ಬಸವೇಶ್ವರನಗರದಲ್ಲಿ ಇನ್ನೊಬ್ಬರಿಲ್ಲ. ಹುರಿದವರು ಇರಬಹುದು, ನಾನು ಹೇಳುತ್ತಿರುವುದು ಸುಟ್ಟವರ ಮಾತು! ಕಾರ್ಖಾನೆಯ ಲೇತ್ ಮುಂದೆ ನಿಂತು ಕೂದಲೆಳೆಯಷ್ಟೂ ತಪ್ಪದೆ ಕಬ್ಬಿಣ ಕಡೆದು ನಿವೃತ್ತರಾದ ಮನುಷ್ಯ, ಮನೆಯಲ್ಲಿ ಗ್ಯಾಸ್ ಹಚ್ಚುವುದಕ್ಕೆ ಅತ್ತೆಯನ್ನೇ ಕೂಗುತ್ತಿದ್ದರು. ಅಂಥವರಿಗೆ ಈ ಹುಚ್ಚು ಹೇಗೆ ಹಿಡಿಯಿತು ಎನ್ನುತ್ತೀರಾ?

ಅತ್ತೆಗೆ ಕ್ಯಾನ್ಸರ್ ಆಯಿತು. ಔಷಧಿಯಿಂದಾಗಿ ಮೊದಲು ಕೂದಲು ಹೋಯಿತು, ಆಮೇಲೆ ರುಚಿ ಹೋಯಿತು. ಕೂದಲಿಗಾಗಿ ಅವರು ಅಳಲಿಲ್ಲ. ಒಂದು ಬೆಳಿಗ್ಗೆ ಕಾಫಿಯ ಮೊದಲ ಗುಟುಕು ಕುಡಿದು, "ಬಿಸಿನೀರು ಕುಡಿದಂಗಿದೆ ಕಣ್ರೀ" ಎಂದು ಲೋಟ ಕೆಳಗಿಟ್ಟು ಅತ್ತರು. ಊಟ ಬಿಟ್ಟರೂ ಕಾಫಿ ಬಿಡದ ಜೀವ ಅದು. ಔಷಧಿಯಿಂದ ನಾಲಿಗೆಗೆ ರುಚಿ ತಿಳಿಯುತ್ತಿಲ್ಲ ಎಂದರು ಡಾಕ್ಟರು. ಮಾವ ಒಪ್ಪಬೇಕಲ್ಲ!

"ನಾಲಿಗೆ ಕೆಟ್ಟಿಲ್ಲ, ಪುಡಿ ಕೆಟ್ಟಿದೆ. ಒಂದ್ ಲೋಟ ಕಾಫಿ ಇವಳಿಗೆ ರುಚಿ ಹತ್ತೋ ತನಕ ನಾನು ಬಿಡಲ್ಲ" ಎಂದು ತೀರ್ಪು ಕೊಟ್ಟರು. ಮಾರನೆಯ ದಿನವೇ ಸ್ಕೂಟರಿನ ಮುಂದೆ ಹಸಿ ಬೀಜದ ಚೀಲ ಇಟ್ಟುಕೊಂಡು ಬಂದರು.

ಮೊದಲು ಬಾಣಲೆಯಲ್ಲಿ ಹುರಿದರು. ಉರಿ ಜೋರಾಗಿ ಬೀಜ ಹೊರಗೆ ಇದ್ದಿಲು, ಒಳಗೆ ಹಸಿ! ಉರಿ ತಗ್ಗಿಸಿದರೆ ಕೈ ಸೋತುಹೋಯಿತೇ ಹೊರತು ಬೀಜದ ಬಣ್ಣ ತಿರುಗಲಿಲ್ಲ. ಆ ಪುಡಿಯ ಕಾಫಿ ಹುರುಳಿ ಬೇಯಿಸಿದ ನೀರಿನ ಹಾಗಿತ್ತು. ನನಗೆ ಹೇಗೆ ಗೊತ್ತು? ಅತ್ತೆಗೆ ಕೊಡುವ ಮೊದಲು ರುಚಿ ನೋಡುವ ಶಿಕ್ಷೆ ನನ್ನದಾಗಿತ್ತಲ್ಲ!

ಕೈ ತಪ್ಪುತ್ತದೆ, ಯಂತ್ರ ತಪ್ಪುವುದಿಲ್ಲ ಎಂಬುದು ಮಾವನ ಮುಂದಿನ ಸಿದ್ಧಾಂತ. ಗುಜರಿಯಿಂದ ಹಳೆಯ ವಾಷಿಂಗ್ ಮೆಷಿನ್ನಿನ ಡ್ರಮ್ ತಂದು, ಹಿಡಿ ಜೋಡಿಸಿ, ತಾರಸಿಯಲ್ಲಿ ಒಲೆಯ ಮೇಲೆ ತಿರುಗಿಸಿದರು. ಡ್ರಮ್ಮಿನ ತೂತು ಬೀಜಕ್ಕಿಂತ ದೊಡ್ಡದು ಎಂಬುದನ್ನು, ಅಳತೆಯಲ್ಲೇ ಆಯುಸ್ಸು ಕಳೆದ ಈ ಮಹಾನುಭಾವರು ಅಳೆದೇ ಇರಲಿಲ್ಲ! ಬೀಜವೆಲ್ಲ ಉರಿಗೆ ಸುರಿದು ಎದ್ದ ಹೊಗೆ ನೋಡಿ ಎದುರು ಮನೆಯ ಆಂಟಿ ಬಕೆಟ್ ಹಿಡಿದು ಓಡಿಬಂದರು.

"ರೀ, ನಾಲಿಗೆ ಹೋಗಿರೋದು ನಂದು. ನಿಮ್ಮ ಮೂಗಿಗೇನಾಯ್ತು?" ಎಂದು ಅತ್ತೆ ಹಾಸಿಗೆಯಿಂದಲೇ ಕೂಗಿದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಪ್ರತಿ ಸಲವೂ ಲೋಟ ಕೈಗೆ ಕೊಟ್ಟಾಗ ಅವರು ಕಣ್ಣು ಮುಚ್ಚಿ ಎರಡು ಗುಟುಕು ಕುಡಿದು, "ಇಲ್ಲ ಕಣ್ರೀ" ಎನ್ನುತ್ತಿದ್ದರು. ಒಂದು ಸುಳ್ಳು ಹೇಳಿದ್ದರೆ ಮಾವನಿಗೆ ನೆಮ್ಮದಿಯಾಗುತ್ತಿತ್ತೋ ಏನೋ. ಕಾಫಿಯ ವಿಷಯದಲ್ಲಿ ಸುಳ್ಳು ಹೇಳಿ ಅತ್ತೆಗೆ ಅಭ್ಯಾಸವಿರಲಿಲ್ಲ. ಮಾವ ಲೋಟ ತೊಳೆದು ಮತ್ತೆ ತಾರಸಿ ಹತ್ತುತ್ತಿದ್ದರು. ಅದನ್ನು ನೋಡುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ಬೀಜ ಚಟಚಟ ಸಿಡಿಯುವುದನ್ನು ಕೇಳಿಸಿಕೊಂಡು ಇಳಿಸಬೇಕು ಎಂದು ಅಷ್ಟರಲ್ಲಿ ಯಾವುದೋ ವಿಡಿಯೋ ಅವರಿಗೆ ಉಪದೇಶ ಮಾಡಿತು. ಮಾವ ಬಾಣಲೆಗೆ ಕಿವಿಗೊಟ್ಟು ಕೂತರು. ಆಗಲೇ ಕೆಳಗೆ ತರಕಾರಿ ಆಟೋ ಬಂದು ನಿಲ್ಲಬೇಕೇ! ಅದರ ಮೈಕು ಟೊಮೇಟೊ, ಈರುಳ್ಳಿ ಎಂದು ಬೀದಿ ಕಿತ್ತುಹೋಗುವಂತೆ ಅರಚತೊಡಗಿತು. ಮಾವ ಸೌಟು ಹಿಡಿದೇ ಕೆಳಗೆ ಓಡಿದರು.

"ಆಫ್ ಮಾಡಯ್ಯಾ ಅದನ್ನ!"

"ಯಾಕ್ ಸಾರ್, ಮಲಗಿದ್ರಾ?"

"ಕಾಫಿಬೀಜ ಸಿಡಿಯೋದು ಕೇಳಿಸ್ಕೋಬೇಕು ಕಣಯ್ಯಾ!"

ಆಟೋದವನು ಅವರ ಮುಖ ನೋಡಿ ಮೈಕು ನಿಲ್ಲಿಸಿ, "ಹುಷಾರಾಗಿದೀರಾ ಸಾರ್?" ಎಂದು ಕೇಳಿದ. ಅವನಿಗೆ ಕಾಫಿಯ ಪಾಠ ಹೇಳಿ ಮಾವ ಮೇಲೆ ಬರುವಷ್ಟರಲ್ಲಿ ಬೀಜ ಕರ್ರಗೆ ಸುಟ್ಟುಹೋಗಿತ್ತು. ಎಸೆಯಲು ಮನಸ್ಸು ಬಾರದೆ ಅದನ್ನೇ ಪುಡಿಮಾಡಿ ಕಾಫಿ ಮಾಡಿದರು. ನಾನು ಒಂದು ಗುಟುಕು ಬಾಯಿಗೆ ಹಾಕಿ ನೇರವಾಗಿ ಬಚ್ಚಲಿಗೆ ಓಡಿದೆ.

ನಾನು ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ಅತ್ತೆ ಕುಡಿದಿದ್ದರು. ಮುಖ ಹಿಂಡಿಕೊಂಡು, "ಥೂ! ಕಹಿ!" ಎಂದರು.

ಮಾವ ಅಲ್ಲಾಡದೆ ನಿಂತರು. "ಏನಂದೆ? ಇನ್ನೊಂದ್ ಸಲ ಹೇಳು."

"ಕಹಿ ಕಣ್ರೀ! ವಿಷ ವಿಷ!"

ಮಾವ ಮಂಚದ ಪಕ್ಕ ಕೂತು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟರು. ಅವತ್ತಿನಿಂದ ಬೀಜವನ್ನು ಬೇಕೆಂದೇ ಕಪ್ಪಗೆ ಸುಟ್ಟರು. ಅತ್ತೆ ಬೈದುಕೊಂಡೇ ಪೂರ್ತಿ ಲೋಟ ಕುಡಿಯುತ್ತಿದ್ದರು. ಆ ಸುಖವೂ ಬಹಳ ದಿನ ಉಳಿಯಲಿಲ್ಲ. ಅತ್ತೆ ಹೋಗಿಬಿಟ್ಟರು.

ಹಾಲುತುಪ್ಪದ ದಿನ, ಅತ್ತೆಯ ಫೋಟೋ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುವಾಗ, ನನ್ನ ಅಮ್ಮ ಘಮಘಮಿಸುವ ಕಾಫಿ ಮಾಡಿ ತಂದರು. ಮಾವ ಕೈ ಅಡ್ಡ ಹಿಡಿದು, "ಅದು ಬೇಡಕ್ಕಾ, ಅವಳಿಗೆ ಗೊತ್ತಾಗಲ್ಲ" ಎಂದು ತಾರಸಿ ಹತ್ತಿದರು. ನೆಂಟರೆಲ್ಲ ಹೊಗೆಗೆ ಕೆಮ್ಮಿಕೊಂಡು ಕಾದರು. ಕೊನೆಗೆ ಮಾವ ಕಪ್ಪು ಕಾಫಿಯ ಲೋಟವನ್ನು ಎಲೆಯ ಪಕ್ಕ ಇಟ್ಟು, ಫೋಟೋದ ಕಡೆ ಬಾಗಿ, ಮೆಲ್ಲಗೆ ಕೇಳಿದರು:

"ಕಹಿ ಇದ್ಯೇನೇ?"