ಗ್ಯಾಸ್ ತಡೆಯುವ ಕಲ್ಲು

ಮೇಜಿನ ಮೇಲಿದ್ದ ಕಲ್ಲು ಕಾಣೆಯಾಗಿತ್ತು.

ಬಂಡೆರಾಯರು ಮಂಚದ ಕೆಳಗೆ ತೂರಿದರು, ಬಟ್ಟೆಗಳನ್ನೆಲ್ಲ ಕೊಡವಿದರು, ಕೊನೆಗೆ ಫ್ರಿಜ್ ಬಾಗಿಲನ್ನೂ ತೆಗೆದು ನೋಡಿದರು. ಬಂಡೆರಾಯ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ, ಮೆಟ್ಟಿಲ ಮೇಲೆ ಕೂತು ಹರಟುವ ನೆರೆಹೊರೆಯವರು ಇಟ್ಟದ್ದು. ಕಾರ್ಖಾನೆಯ ಹೊಗೆಯಿಂದ ಇಂಗಾಲದ ಡೈಆಕ್ಸೈಡನ್ನು ಹಿಡಿದು ನೆಲದೊಳಗೆ ತುಂಬಿಡಲು ತಕ್ಕ ಬಂಡೆ ಎಲ್ಲಿದೆ ಎಂದು ಹುಡುಕುವುದು ಅವರ ಕೆಲಸ. ಅನಿಲವನ್ನು ಕುಡಿಯುವ ತೂತುತೂತು ಬಂಡೆ ಕೆಳಗಿರಬೇಕು, ಅದು ಮೇಲೆದ್ದು ಬರದಂತೆ ಗಟ್ಟಿ ಬಂಡೆಯೊಂದು ಮುಚ್ಚಳದ ಹಾಗೆ ಮೇಲೆ ಕೂತಿರಬೇಕು. ಕೆಳಗಿನ ಮಡಕೆಯಂಥ ಬಂಡೆ ಬೇಕಾದಷ್ಟು ಸಿಗುತ್ತದೆ, ಕಷ್ಟವೆಲ್ಲ ಮುಚ್ಚಳದ್ದೇ.

ಊರಾಚೆಯ ಬಯಲಿನಲ್ಲಿ ಡೇರೆ ಹಾಕಿ, ಧೂಳು ತಿಂದು, ಪಾತಾಳದವರೆಗೆ ಕೊರೆಸಿ ತಂದ ಒಂದೇ ಒಂದು ಮುಚ್ಚಳದ ತುಂಡು ಅದು. ಗೇಣುದ್ದ, ದುಂಡಗೆ, ಕಪ್ಪಗೆ. ಕಚೇರಿಯಲ್ಲಿ ಬಿಟ್ಟರೆ ಯಾರಾದರೂ ಎತ್ತಿಕೊಂಡು ಹೋದಾರು ಎಂದು ಹೆದರಿ ಹಿಂದಿನ ದಿನ ಮನೆಗೆ ತಂದಿದ್ದರು. ಊಟಕ್ಕೆ ಕೂತಾಗ "ಇದು ಗ್ಯಾಸ್ ತಡೆಯೋ ಕಲ್ಲು!" ಎಂದು ಎಲ್ಲರಿಗೂ ತೋರಿಸಿ ಬೀಗಿಯೂ ಇದ್ದರು. ಇವತ್ತು ಮಧ್ಯಾಹ್ನ ದೊಡ್ಡ ಸಾಹೇಬರ ಎದುರು ಅದರ ಪರೀಕ್ಷೆ. ಅನಿಲ ಸೋರದಿದ್ದರೆ ರಾಯರಿಗೆ ಫ್ಯಾನಿನ ಕೆಳಗೆ ಕುರ್ಚಿ. ಸೋರಿತೋ, ಮತ್ತೆ ಡೇರೆ.

ಡೇರೆಯ ಬಗ್ಗೆ ಹೆಂಡತಿ ಮೊದಲೇ ತೀರ್ಪು ಕೊಟ್ಟಾಗಿತ್ತು. "ಇನ್ನೊಂದ್ಸಲ ಆ ಬಯಲಿಗೆ ಹೋದ್ರೆ ಅಲ್ಲೇ ಇದ್ದುಬಿಡಿ, ಕಲ್ಲುಗಳ ಜೊತೆ ಸಂಸಾರ ಮಾಡ್ಕೊಂಡು. ನಾನೂ ಅಮ್ಮನೂ ಇಲ್ಲಿ ಆರಾಮಾಗಿರ್ತೀವಿ."

"ಅತ್ತೇ, ಇಲ್ಲೊಂದು ಕಲ್ಲಿತ್ತಲ್ಲ?" ರಾಯರು ಕೂಗಿದರು.

"ಆ ಕೊಳಕು ಕಲ್ಲಾ? ಮೈತುಂಬ ಏನೇನೋ ಗೀಚಿತ್ತು ಅಳಿಯಂದ್ರೇ. ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದೆ. ಫಳಫಳ ಅಂತು!"

ಗೀಚಿದ್ದು ಕಲ್ಲಿನ ನಂಬರು. "ತೊಳೆದು ಎಲ್ಲಿಟ್ರಿ?"

"ಮೇಲಿನ ಮನೆಯಾಕೆ ವಾಷಿಂಗ್ ಮೆಷಿನ್ನು ಕುಣಿಯುತ್ತೆ, ಕಾಲಿಗೆ ಒತ್ತು ಕೊಡೋಕೆ ಏನಾದ್ರೂ ಇದ್ಯಾ ಅಂದ್ಲು. ಪಾಪ ಅಂತ ಕೊಟ್ಟೆ. ನಮ್ಮನೇಲಿ ಕಲ್ಲಿಗೇನು ಬರ?"

ರಾಯರು ಮೆಟ್ಟಿಲು ಹಾರಿಕೊಂಡು ಹೋದರು. ಮೇಲಿನ ಮನೆಯಾಕೆ ಇವರನ್ನೇ ಕಾಯುತ್ತಿದ್ದವಳ ಹಾಗೆ ಎರಗಿದಳು.

"ದುಂಡಗಿರೋ ಕಲ್ಲನ್ನ ಯಾರಾದ್ರೂ ಒತ್ತು ಕೊಡೋಕೆ ಕೊಡ್ತಾರಾ ರಾಯರೇ? ಮೆಷಿನ್ನು ಬಚ್ಚಲಿಂದ ಉರುಳ್ಕೊಂಡು ಅಡುಗೆಮನೆಗೆ ಬಂತು! ಅಷ್ಟರಲ್ಲಿ ತೇಗಿನ ತಾತ ಬಂದು ಇದೇನಮ್ಮ ಅಂದ್ರು. ನಿಮ್ಮತ್ತೆ ಹೇಳಿದ್ರಲ್ಲ, ಗ್ಯಾಸ್ ತಡೆಯೋ ಕಲ್ಲಂತೆ ತಾತ ಅಂದೆ. ಕೈಯಿಂದ ಕಿತ್ಕೊಂಡು ಓಡೇಬಿಟ್ರು."

ರಾಯರು ಕೆಳಗೋಡಿದರು. ಕೆಳಮನೆಯ ತಾತನ ತೇಗೆಂದರೆ ಇಡೀ ಕಟ್ಟಡಕ್ಕೆ ಸೈರನ್ನು. ಅವರು ನೋಡದ ಡಾಕ್ಟರಿಲ್ಲ, ಕುಡಿಯದ ಕಷಾಯವಿಲ್ಲ.

ತಾತ ಅಂಗಾತ ಮಲಗಿದ್ದರು. ಹೊಟ್ಟೆಯ ಮೇಲೆ ಟವೆಲ್ಲಿನಿಂದ ಬಿಗಿದ ಗಂಟು. ಕೋಣೆಯ ತುಂಬ ನೋವಿನ ಮುಲಾಮಿನ ಘಾಟು.

"ತಾತ, ಅದು ನನ್ನ ಕಲ್ಲು!"

"ಶ್! ಕೆಲಸ ಮಾಡ್ತಾ ಇದೆ. ತಿಂಡಿ ತಿಂದಾಗಿಂದ ಒಂದು ತೇಗು ಬಂದಿಲ್ಲ ಕಣಯ್ಯ."

"ಅದು ಈ ಗ್ಯಾಸಿಗಲ್ಲ ತಾತ, ನೆಲದೊಳಗೆ ತುಂಬೋ ಗ್ಯಾಸಿಗೆ!"

"ಎಲ್ಲಿ ತುಂಬಿದ್ರೇನು, ಗ್ಯಾಸು ಗ್ಯಾಸೇ."

ಬಾಗಿಲಲ್ಲಿ ಆಗಲೇ ಜನ ಸೇರಿದ್ದರು. "ಕಲ್ಲಿನ ಸಹವಾಸ ಮಾಡಿ ಮಾಡಿ ರಾಯರ ಮನಸ್ಸೂ ಕಲ್ಲಾಗಿದೆ" ಎಂದಳು ಮೇಲಿನ ಮನೆಯಾಕೆ. "ಹೋಗ್ಲಿ ಬಿಡಿ ಅಳಿಯಂದ್ರೇ, ದಾರೀಲಿ ಬೇರೆ ಕಲ್ಲು ಆರಿಸ್ಕೊಳ್ಳಿ" ಎಂದರು ಅತ್ತೆ.

ರಾಯರಿಗೆ ಅಳುವೇ ಬಂತು. "ನನ್ನ ಸಂಸಾರ ಉಳಿಸಿ ತಾತ" ಎಂದು ಕಾಲು ಹಿಡಿದರು. ತಾತ ಕರಗಿದ ಹಾಗೆ ಕಂಡಿತು.

"ಸರಿ, ಎಲ್ರೂ ಹೊರಗೆ ನಿಲ್ಲಿ. ಊರ ಮುಂದೆ ಹೊಟ್ಟೆ ಬಿಚ್ಚೋಕಾಗುತ್ತಾ?"

ಬಾಗಿಲು ಮುಚ್ಚಿತು. ಒಳಗೆ ಪಾತ್ರೆ ಪಗಡೆಗಳ ಸದ್ದಾಯಿತು. ಆಮೇಲೆ ತಾತ ಟವೆಲ್ಲಿನ ಗಂಟನ್ನು ರಾಯರ ಕೈಗಿಟ್ಟು ಮುಖ ತಿರುಗಿಸಿಕೊಂಡರು.

ಬಸ್ಸಿನಲ್ಲಿ ಗಂಟು ಬಿಚ್ಚಿದ ರಾಯರು ಕಲ್ಲನ್ನು ನೋಡುವ ಮೊದಲೇ ಬೆವರಿದ ಮುಖವನ್ನು ಅದೇ ಟವೆಲ್ಲಿನಿಂದ ಒರೆಸಿಕೊಂಡದ್ದೇ ತಪ್ಪಾಯಿತು. ಮುಲಾಮು ಕಣ್ಣಿಗೆ ಹೋಗಿ ಲೋಕವೆಲ್ಲ ಮಸಕಾಯಿತು. ಕಚೇರಿ ತಲುಪಿದಾಗಲೂ ಕಣ್ಣು ಕೆಂಡವಾಗಿ ನೀರು ಸುರಿಯುತ್ತಿತ್ತು.

"ಇದರ ನಂಬರೆಲ್ರೀ?" ಸಾಹೇಬರು ಕೇಳಿದರು.

"ಅಳಿಸಿಹೋಗಿದೆ ಸಾರ್. ಆದ್ರೆ ನನಗೆ ನಂಬರೇ ಬೇಕಿಲ್ಲ. ಕಣ್ಣು ಮುಚ್ಚಿ ಸವರಿದ್ರೂ ನನ್ನ ಬಂಡೆ ಯಾವುದು ಅಂತ ಹೇಳ್ತೀನಿ." ಕಣ್ಣು ಹೇಗೂ ಮುಚ್ಚೇ ಇತ್ತು. ರಾಯರು ಸವರಿದರು. "ಇದೇ ಸಾರ್! ಬೇಕಾದ್ರೆ ತಲೆ ಒತ್ತೆ ಇಡ್ತೀನಿ."

"ಮುಲಾಮಿನ ವಾಸನೆ ಬರ್ತಿದೆಯಲ್ರೀ?"

"ಆಳದ ಬಂಡೆ ಸಾರ್. ಹಾಗೇ ಇರುತ್ತೆ."

ಕಲ್ಲಿನ ತುದಿಯನ್ನು ಕತ್ತರಿಸಿ ಯಂತ್ರದೊಳಗಿಟ್ಟು ಒಂದು ಕಡೆಯಿಂದ ಅನಿಲ ನುಗ್ಗಿಸಿದರು. ಒತ್ತಡ ಏರಿಸಿದರು, ಇನ್ನೂ ಏರಿಸಿದರು. ಯಂತ್ರ ಹೂಂಕರಿಸಿತು. ಇನ್ನೊಂದು ಕಡೆಯ ಮುಳ್ಳು ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ. ಸಾಹೇಬರು ರಾಯರನ್ನು ತಬ್ಬಿಕೊಂಡರು.

"ನನ್ನ ಸರ್ವೀಸಲ್ಲೇ ಇಂಥ ಮುಚ್ಚಳ ನೋಡಿಲ್ಲ! ಆದ್ರೆ ಒಂದೇ ತುಂಡು ನಂಬ್ಕೊಂಡು ಇಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕೋಕಾಗಲ್ಲ. ನಾಳೇನೇ ಬಯಲಿಗೆ ಹೊರಡಿ. ಸುತ್ತಮುತ್ತ ಕೊರೆಸಿ. ಇದೇ ಕಲ್ಲು ಮತ್ತೆ ಸಿಗೋ ತನಕ ಅಲ್ಲೇ ಇರಿ. ನಿಮ್ಮನ್ನ ಬಿಟ್ರೆ ಇದರ ಗುರುತು ಯಾರಿಗಿದೆ?"

"ಸಾರ್, ನನ್ನ ಕುರ್ಚಿ?"

"ಅದೆಲ್ಲಿ ಓಡಿಹೋಗುತ್ತೆ? ಕಲ್ಲು ತನ್ನಿ, ಕೂತ್ಕೊಳ್ಳಿ."

ಮನೆಗೆ ಬಂದ ರಾಯರು ಹೆಂಡತಿಯ ಮುಂದೆ ಧೈರ್ಯ ಮಾಡಿ ಬಾಯಿ ಬಿಟ್ಟರು. "ನಾಲ್ಕು ದಿನದ ಮಾತು ಅಷ್ಟೇ ಕಣೇ. ಕಲ್ಲು ಎಲ್ಲಿದೆ ಅಂತ ನನಗೆ ಗೊತ್ತಿದೆಯಲ್ಲ, ಹೋಗೋದು, ಕೊರೆಯೋದು, ಬರೋದು."

ಹೆಂಡತಿ ಅವರನ್ನೇ ದಿಟ್ಟಿಸಿದಳು. "ಇದೊಂದೇ ಸಲ" ಎಂದಳು ಕೊನೆಗೆ. ರಾಯರಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ತೇಗಿನ ತಾತನ ಹೆಂಡತಿ, ಕೆಳಮನೆಯ ಅಜ್ಜಿ, ಏದುಸಿರು ಬಿಡುತ್ತ ಒಳಗೆ ಬಂದರು. ಕೈಯಲ್ಲಿ ಗೇಣುದ್ದದ ಕಪ್ಪು ಕಲ್ಲು.

"ನನ್ನ ಲಟ್ಟಣಿಗೆ ಕೊಡಪ್ಪ."

"ಯಾವ ಲಟ್ಟಣಿಗೆ ಅಜ್ಜಿ?"

"ಕಲ್ಲಿನ ಲಟ್ಟಣಿಗೆ ಕಣಪ್ಪ. ಹಿಡಿ ಮುರಿದಿದ್ರೂ ನನ್ನ ಕೈಗೆ ಒಗ್ಗಿತ್ತು. ನಿನ್ನ ಕಲ್ಲು ಬಿಡೋಕೆ ಮನಸ್ಸಾಗದೆ ನಮ್ಮನೆಯವರು ಅದನ್ನ ಸುತ್ತಿ ಕೊಟ್ಟುಬಿಟ್ಟಿದ್ದಾರೆ. ತಗೋ ನಿನ್ನದು. ಊಟ ಆದ್ಮೇಲೆ ಇದು ಏನೂ ತಡೀಲಿಲ್ಲ."

ಅದಕ್ಕೆ ಸಾಕ್ಷಿ ಎಂಬಂತೆ ಕೆಳಮನೆಯಿಂದ ಒಂದು ತೇಗು ಎದ್ದು ಬಂತು. ಕಿಟಕಿಯ ಗಾಜು ಗಡಗಡ ಅಂದಿತು.

ರಾಯರು ಚೀಲದಿಂದ ತುದಿ ಕತ್ತರಿಸಿದ ಲಟ್ಟಣಿಗೆಯನ್ನು ತೆಗೆದು ಕೊಟ್ಟರು. ಅಜ್ಜಿ ಹೋ ಎಂದು ಬಾಯಿ ಬಡಿದುಕೊಂಡರು. ಸಾಹೇಬರಿಗೆ ನಿಜ ಹೇಳಿದರೆ ಒತ್ತೆ ಇಟ್ಟ ತಲೆ ಹೋಗುತ್ತದೆ, ಹೇಳದಿದ್ದರೆ ಸಂಸಾರ ಹೋಗುತ್ತದೆ.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. "ಅಲ್ರೀ, ಎಷ್ಟು ದಿನ ಅಂದ್ರಿ?"

"ನೆಲದೊಳಗೆ ಲಟ್ಟಣಿಗೆ ಸಿಗೋ ತನಕ."

ಅತ್ತೆಗೆ ಅಳಿಯನ ಮೇಲೆ ಮೊದಲ ಸಲ ಮರುಕ ಹುಟ್ಟಿತು. "ಅದಕ್ಕೆ ಅಷ್ಟು ದೂರ ಯಾಕೆ ಹೋಗ್ತೀರಿ ಅಳಿಯಂದ್ರೇ? ಪಾತ್ರೆ ಅಂಗಡೀಲಿ ಸಿಗುತ್ತಲ್ಲ!"