ನನ್ನ ಫೋಟೊವನ್ನು ನಾನೇ ಕದ್ದದ್ದು

ಸ್ವಂತ ಮನೆಯಲ್ಲಿ ಕೂತು ಯಾರನ್ನು ಬೇಕಾದರೂ ಬಯ್ಯಬಹುದು ಎಂಬ ನಂಬಿಕೆ ನಮ್ಮಂಥ ಮಧ್ಯಮವರ್ಗದವರಿಗೆ ಬಹಳ. ವರ್ಗಾವಣೆಯ ಬ್ಯಾಂಕ್ ನೌಕರಿಯಲ್ಲಿ ನನಗೆ ಸ್ವಂತ ಮನೆ ಆಗಲಿಲ್ಲ. ಅದರ ಬದಲಿಗೆ ಒಂದು ವೆಬ್‌ಸೈಟ್ ಮಾಡಿಕೊಂಡೆ. ವರ್ಷವರ್ಷವೂ ಬಾಡಿಗೆ ಕಟ್ಟುತ್ತಿದ್ದರೂ ಅದು ನನ್ನದೇ ಜಾಗ ಅಂದುಕೊಂಡಿದ್ದೆ. ಇಷ್ಟೊಂದು ಊರುಗಳಲ್ಲಿ ಬಾಡಿಗೆ ಮನೆ ಕಂಡವನು ಹಾಗೆ ಅಂದುಕೊಳ್ಳಬಾರದಿತ್ತು. ಮನೆ ಮಾಲೀಕರಾದರೆ ಖಾಲಿ ಮಾಡಿಸುವ ಮುಂಚೆ ಮುಖ ಗಂಟಿಕ್ಕಿಕೊಂಡಾದರೂ ಒಂದು ಮಾತು ಹೇಳುತ್ತಾರೆ. ವೆಬ್‌ಸೈಟಿಗೆ ಜಾಗ ಕೊಡುವ ಹೋಸ್ಟಿಂಗ್ ಕಂಪನಿಗೆ ಗಂಟಿಕ್ಕಲು ಮುಖವೇ ಇಲ್ಲ.

ವಿಶಾಖಪಟ್ಟಣದ ಶಾಖೆಯಲ್ಲಿದ್ದಾಗ ಶುರುವಾದ ಚಟ ಅದು. ನನ್ನ ಹಾಗೆ ಕರ್ನಾಟಕದಿಂದ ವರ್ಗವಾಗಿ ಬಂದ ಕೆಲವರು ಓದುತ್ತಿದ್ದರು. ಅವರಲ್ಲಿ ಬಹಳ ನಿಷ್ಠೆಯ ಓದುಗರೆಂದರೆ ಅಲ್ಲಿನ ನನ್ನ ಸಹೋದ್ಯೋಗಿ, ಮಂಡ್ಯದ ಶ್ಯಾಮಲಾ ಮೇಡಂ. ನನ್ನ ಹೆಂಡತಿ ಸುಧಾ ಮಾತ್ರ ಒಂದನ್ನೂ ಓದಿಲ್ಲ. "ದಿನವೆಲ್ಲ ಕೇಳೋದೇ ಸಾಕಾಗಿದೆ" ಎನ್ನುತ್ತಾಳೆ.

ವಿಜಯವಾಡಕ್ಕೆ ವರ್ಗವಾದ ಮೇಲೆ ನಾವು ಪಟಮಟದಲ್ಲಿ ಒಂದು ಫ್ಲ್ಯಾಟ್ ಹಿಡಿದೆವು. ಕಟ್ಟಡದ ಬೋರ್ಡಿನಲ್ಲಿ "ನದಿಯ ನೋಟ" ಎಂದಿತ್ತು. ನಮ್ಮ ಬಾಲ್ಕನಿಯಿಂದ ಕಾಣುತ್ತಿದ್ದದ್ದು ಪಕ್ಕದ ಸ್ಕೂಲಿನ ಬಸ್ಸುಗಳು. ನದಿ ನೋಡಲೇಬೇಕೆಂದು ಒಂದು ಸಂಜೆ ಟೆರೇಸಿನ ನೀರಿನ ಟ್ಯಾಂಕ್ ಹತ್ತಿದೆ. ತುದಿಗಾಲಲ್ಲಿ ನಿಂತರೆ ದೂರದಲ್ಲಿ ಕೃಷ್ಣಾ ನದಿ ನಿಜವಾಗಿಯೂ ಹೊಳೆಯುತ್ತಿತ್ತು. ಫೋಟೊ ತೆಗೆದು, ಟ್ಯಾಂಕಿನ ಮೇಲೆ ಸಂಸಾರ ಹೂಡುವವರಿಗೆ ಈ ಕಟ್ಟಡ ಬಹಳ ಅನುಕೂಲ ಎಂದು ಬರೆದು ಸೈಟಿಗೆ ಹಾಕಿದೆ.

ಮಳೆಗಾಲ ಕಳೆಯಿತು. ನಮ್ಮ ಕಟ್ಟಡ ಕಟ್ಟಿದ ಬಿಲ್ಡರೇ ಊರಾಚೆ ಇಬ್ರಾಹಿಂಪಟ್ನಂ ಬಳಿ ಹೊಸ ಅಪಾರ್ಟ್‌ಮೆಂಟ್ ಎಬ್ಬಿಸತೊಡಗಿದ್ದ. ಅದರ ಬ್ರೋಷರ್ ನಮ್ಮ ಬಾಗಿಲ ಸಂದಿಗೂ ಬಂತು. ಮುಖಪುಟದಲ್ಲಿ ನನ್ನ ನದಿ. ಸಂಶಯವೇ ಇರಲಿಲ್ಲ, ಮೂಲೆಯ ತಂತಿಯ ಮೇಲೆ ಸುಧಾಳ ಕೆಂಪು ಬಟ್ಟೆ ಕ್ಲಿಪ್ ಕೂಡ ಹಾಗೇ ಇತ್ತು. ಭಾನುವಾರ ಅಲ್ಲಿಗೆ ಹೋಗಿ ನೋಡಿದೆ. ಮನೆಗಳೆಲ್ಲ ಮುಖ ಮಾಡಿದ್ದದ್ದು ಥರ್ಮಲ್ ಸ್ಟೇಷನ್ನಿನ ಚಿಮಣಿಗಳ ಕಡೆಗೆ. ಬ್ರೋಷರಿನ ಪುಟವನ್ನೂ ನನ್ನ ಫೋಟೊವನ್ನೂ ಚಿಮಣಿಗಳನ್ನೂ ಅಕ್ಕಪಕ್ಕ ಇಟ್ಟು, ಕೊಳ್ಳುವ ಮುಂಚೆ ಒಮ್ಮೆ ಹೋಗಿ ನೋಡಿ ಎಂದು ಬರೆದೆ.

ಕೆಲವೇ ದಿನಗಳಲ್ಲಿ ಸೈಟ್ ಪೂರ್ತಿ ಮುಚ್ಚಿಹೋಯಿತು. ನಾನು ಅಷ್ಟು ವರ್ಷ ಬರೆದದ್ದರ ಜಾಗದಲ್ಲಿ ಒಂದೇ ಸಾಲು: ಹಕ್ಕುಸ್ವಾಮ್ಯ ಉಲ್ಲಂಘನೆಯ ದೂರಿನ ಮೇಲೆ ತೆಗೆಯಲಾಗಿದೆ. ದೂರು ಕೊಟ್ಟದ್ದು ಬಿಲ್ಡರ್. ನದಿಯ ಚಿತ್ರ ಅವನದಂತೆ.

"ಅಂದ್ರೆ ನಿಮ್ಮ ಫೋಟೊನ ನೀವೇ ಕದ್ದಿದ್ದೀರಿ ಅಂತಾನಾ?" ಎಂದಳು ಸುಧಾ. ಅವಳು ನನ್ನ ಬರವಣಿಗೆಯಲ್ಲಿ ಆಸಕ್ತಿ ತೋರಿಸಿದ್ದು ಅದೇ ಮೊದಲು.

ಹೋಸ್ಟಿಂಗ್ ಕಂಪನಿಗೆ ಬರೆದೆ. ನನ್ನ ತೊಂದರೆಗೆ ವಿಷಾದಿಸಿ ಉತ್ತರ ಬಂತು. ಯಾರು ಸರಿ ಎಂದು ತಾವು ತೀರ್ಮಾನಿಸುವುದಿಲ್ಲ, ದೂರು ಬಂದರೆ ತೆಗೆಯುತ್ತೇವೆ ಅಷ್ಟೆ. ಆಕ್ಷೇಪ ಇದ್ದರೆ ನನ್ನ ಹೆಸರು, ವಿಳಾಸ ಕೊಟ್ಟು, ಅದು ದೂರುದಾರರ ಕೈಸೇರಲು ಒಪ್ಪಿ, ಬೇಕಾದರೆ ಹೊರದೇಶದ ಕೋರ್ಟಿಗೂ ಬರುತ್ತೇನೆಂದು ಪ್ರಮಾಣ ಮಾಡಬೇಕಂತೆ. ಹೊರದೇಶವೆಂದರೆ, ಇಲ್ಲಿನ ಗನ್ನವರಂ ವಿಮಾನ ನಿಲ್ದಾಣವನ್ನೂ ಹೊರಗಿನಿಂದಷ್ಟೇ ನೋಡಿದವನಿಗೆ ಬೆವರು ಬಂತು. ವಿಳಾಸದ ಭಯ ಇರಲಿಲ್ಲ; ಆ ವಿಳಾಸವನ್ನು ಕಟ್ಟಿದವನೇ ಬಿಲ್ಡರ್.

ಮೊದಲು ಬಿಲ್ಡರ್ ಆಫೀಸಿಗೇ ಹೋದೆ. ಮ್ಯಾನೇಜರ್ ಮಜ್ಜಿಗೆ ತರಿಸಿದರು. ನನ್ನ ಫೋನಿನಲ್ಲಿದ್ದ ಮೂಲ ಚಿತ್ರವನ್ನು ಮೆಚ್ಚಿದರು ಕೂಡ.

"ಫೋಟೊ ನಿಮ್ಮದೇ ಇರಬಹುದು ಸಾರ್. ಬ್ರೋಷರ್ ನಮ್ಮದಲ್ವಾ?" ಎಂದರು ತೆಲುಗಿನಲ್ಲಿ. "ನಮ್ಮ ಪ್ರಾಜೆಕ್ಟಿಗೆ ಸಾಲ ಕೊಡ್ತಿರೋದು ನಿಮ್ಮ ಬ್ಯಾಂಕೇ. ನೀವು, ನಾವು ಒಂದೇ ಮನೆಯವರು. ಬರೆಯೋಕೆ ಬೇರೆ ವಿಷಯ ಇಲ್ವಾ?"

ಮಜ್ಜಿಗೆ ಚೆನ್ನಾಗಿತ್ತು. ಕುಡಿದು ಎದ್ದುಬಂದೆ.

ಆ ವಾರವೇ ವಿಶಾಖಪಟ್ಟಣದಿಂದ ಶ್ಯಾಮಲಾ ಮೇಡಂ ಫೋನ್ ಮಾಡಿದರು. ಅವರು ರಿಟೈರ್ ಆಗುವವರಿದ್ದರು. ಮಗಳು ವಿಜಯವಾಡದ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದುದರಿಂದ ಇಬ್ರಾಹಿಂಪಟ್ನಂನ ಆ ಫ್ಲ್ಯಾಟನ್ನೇ ನೋಡಿಟ್ಟಿದ್ದರು.

"ಸಾರ್, ನೀವೇನೋ ಬರ್ದಿದ್ರಂತೆ. ಓದೋಣ ಅಂತ ತೆಗೆದ್ರೆ ಉಲ್ಲಂಘನೆ ಅಂತ ಬರ್ತದೆ. ಬಿಲ್ಡರ್ ಆಫೀಸಲ್ಲಿ ಕೇಳಿದ್ರೆ, ಸುಳ್ಳು ಬರೆದಿದ್ರು, ತೆಗೆಸಿದೀವಿ ಅಂದ್ರು."

ಸುಳ್ಳೆಂದು ಯಾರೂ ತೀರ್ಮಾನಿಸಿಲ್ಲ, ಜಗಳ ಫೋಟೊದ್ದು, ಆ ಮನೆಗಳಿಂದ ನದಿ ಕಾಣುವುದಿಲ್ಲ ಎಂದು ವಿವರಿಸಿದೆ.

"ನೀವು ಸುಳ್ಳು ಹೇಳ್ತೀರ ಅಂತಲ್ಲ ಸಾರ್. ಆದ್ರೆ ಅಷ್ಟು ದೊಡ್ಡ ವೆಬ್‌ಸೈಟ್ ಕಂಪನಿಯವರು ಸುಮ್ಮಸುಮ್ಮನೆ ತೆಗೀತಾರಾ?"

ಅವರು ಫ್ಲ್ಯಾಟ್ ಬುಕ್ ಮಾಡಿದರು. ನಾನು ಸಿಟ್ಟಿನಲ್ಲಿ ಆಕ್ಷೇಪ ಕಳಿಸಿದೆ. ಬಿಲ್ಡರ್ ಯಾವ ಕೋರ್ಟಿಗೂ ಹೋಗಲಿಲ್ಲ, ಅವನಿಗೆ ಅದರ ಅಗತ್ಯವೂ ಇರಲಿಲ್ಲ. ದೂರುದಾರ ಕೋರ್ಟಿಗೆ ಹೋಗದಿದ್ದರೆ ಮತ್ತೆ ತೆರೆಯುವುದು ಕಂಪನಿಯ ನಿಯಮವಂತೆ; ಕೆಲವು ವಾರಗಳ ಮೇಲೆ ಸೈಟ್ ತಾನಾಗಿ ತೆರೆದುಕೊಂಡಿತು. ಆ ಹೊತ್ತಿಗೆ ಫ್ಲ್ಯಾಟುಗಳೆಲ್ಲ ಖರ್ಚಾಗಿದ್ದವು. ನನ್ನ ಅಭಿವ್ಯಕ್ತಿ ಸ್ವಾತಂತ್ರ್ಯ ಕ್ಷೇಮವಾಗಿ ವಾಪಸು ಬಂತು, ಯಾರಿಗೂ ಬೇಡವಾದ ಮೇಲೆ.

ಕಟ್ಟಡ ಮುಗಿದು ಶ್ಯಾಮಲಾ ಮೇಡಂ ಗೃಹಪ್ರವೇಶಕ್ಕೆ ಕರೆದರು. ಊಟವಾದ ಮೇಲೆ ನನ್ನನ್ನು ಬಾಲ್ಕನಿಗೆ ಕರೆದುಕೊಂಡು ಹೋದರು. ಚಿಮಣಿಗಳು ಎದುರಿಗೇ ನಿಂತಿದ್ದವು. ರಿಟೈರ್‌ಮೆಂಟಿನ ಹಣವೆಲ್ಲ ಸುರಿದಿದ್ದ ಆ ಹೆಂಗಸು ಕಂಬಿಯ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: "ನೀವು ಬರ್ದಿದ್ದು ನಿಜಾನೇ ಸಾರ್."

ಎಷ್ಟೋ ವರ್ಷದಿಂದ ಬರೆಯುತ್ತಿದ್ದೇನೆ. ಓದುಗರೊಬ್ಬರು ನನಗೆ ಹಾಗೆ ಹೇಳಿದ್ದು ಅದೇ ಮೊದಲು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಮೊದಲು ಆದದ್ದು ಸಂತೋಷ. ದುಃಖ ಹಿಂದಿನಿಂದ ಬಂತು.

"ಈಗ ಸೈಟ್ ತೆರೆದಿದೆ ಮೇಡಂ. ಈ ಬಾಲ್ಕನಿಯ ಬಗ್ಗೆಯೂ ಬರೀತೀನಿ" ಎಂದೆ.

"ಬೇಡ ಸಾರ್" ಎಂದರು ಅವರು ಗಾಬರಿಯಿಂದ. "ಆಗ ಬರ್ದಿದ್ದನ್ನೂ ತೆಗೆದುಬಿಡಿ. ನಾಳೆ ಇದನ್ನ ಮಾರಬೇಕು ಅಂದ್ರೆ ನಾನು ಯಾರಿಗೆ ಮಾರಲಿ?"

ಮನೆಗೆ ಬಂದು ಕಂಪ್ಯೂಟರ್ ತೆರೆದೆ. ಲೇಖನವನ್ನು ನಿಜವಾಗಿಯೂ ಅಳಿಸಬೇಕೆ ಎಂದು ಅದು ಬಹಳ ವಿನಯದಿಂದ ಕೇಳಿತು. ಕಂಪನಿ ಅಳಿಸಿದಾಗ ಆ ಮರ್ಯಾದೆಯೂ ನನಗೆ ಸಿಕ್ಕಿರಲಿಲ್ಲ. ಹೌದು ಎಂದು ಒತ್ತಿದೆ.