ಹೊಳೆವ್ವನ ಹೊಲದಲ್ಲಿ ತಡಸಲು-ದಿಂಡಿಗ ಸಂಗ್ರಾಮ

ಹಳೆಯ ಬಿಲ್ಲುಗಳು ಮುರಿದು ಒಲೆ ಸೇರಿ, ಹೊಸ ಬಿಲ್ಲುಗಳು ಇನ್ನೂ ಮರದೊಳಗೇ ಮಲಗಿದ್ದ ಆ ಮಹಾಯುಗವನ್ನು ಮೊದಲು ನೆನೆಯುತ್ತೇನೆ. ತೊಗಟೆಯೊಳಗಿನ ಲೋಳೆಯೇ, ತಿರುಳೊಳಗಿನ ಸತ್ವವೇ, ಬಂದು ನಾಲಿಗೆಯ ಮೇಲೆ ನೆಲೆಸಿರಿ. ಕಾಡಂಚಿನ ಹಳ್ಳಿಯೊಂದರ ಎರಡೆಕರೆ ಜೋಳದಲ್ಲಿ ಇಪ್ಪತ್ತು ಹಗಲು ನಡೆದ ಘನಘೋರ ಸಮರವನ್ನು ನಿಧಾನವಾಗಿ ಹೇಳುತ್ತೇನೆ. ಅವಸರವಿದ್ದವರು ಎದ್ದು ಹೋಗಬಹುದು, ಬೇಸರವಿಲ್ಲ.

ಆ ಹೊಲದೊಡತಿ ಹೊಳೆವ್ವ. ತೆನೆಗೆ ಹಾಲು ತುಂಬಿತ್ತು. ಹರಿತಪಕ್ಷ-ರಕ್ತಚಂಚು-ನಿಷ್ಕರುಣ ಗಿಳಿಸೇನೆ ದಿನವೂ ಕಾಡಿನಿಂದಿಳಿದು ಅದನ್ನು ಸೂರೆಗೊಳ್ಳುತ್ತಿತ್ತು. ಮಣ್ಣಿನ ಗುಂಡು ಹೊಡೆಯುವ ಬಿಲ್ಲು ಮುರಿದಿತ್ತು. ಕವಣೆ ಬೀಸಲು ಅವಳ ತೋಳು ಏಳುತ್ತಿರಲಿಲ್ಲ. ಕೊಯ್ಲಿಗೆ ಇನ್ನೂ ಇಪ್ಪತ್ತು ದಿನ. ಅಲ್ಲಿಯವರೆಗೆ ಕಾಯದಿದ್ದರೆ ವರ್ಷದ ರೊಟ್ಟಿ ಗಿಳಿಗಳ ಪಾಲು.

"ಒಂದು ಬಿಲ್ಲು ಮಾಡಿಕೊಡ್ರಪಾ," ಎಂದಳು. ಅಷ್ಟಕ್ಕೇ ಇಬ್ಬರು ಮಹಾರಥರು ಎದ್ದರು.

ಒಬ್ಬ ಅವಳ ತಮ್ಮ, ಅರಣ್ಯಪಥ-ಸಹಸ್ರ-ಸಂಚಾರಿ, ಗೋವೃಂದಪಾಲಕ ಬಿಷ್ಟಪ್ಪ. ಅವನ ಹೆಗಲ ಮೇಲೆ ತಡಸಲಿನ ಕೊಂಬೆ. ಇನ್ನೊಬ್ಬ ನೆರೆಮನೆಯ ಅರ್ಧಶತ-ಶಕಟ-ನಿರ್ಮಾಪಕ, ಉಳಿಬಾಚಿ-ಪ್ರಚಂಡ ಬಡಿಗೇರ ಕಾಳಪ್ಪ. ಅವನ ಕೈಯಲ್ಲಿ ದಿಂಡಿಗದ ಕೋಲು. ಹೊಲದ ನಡುವಿನ ಅಟ್ಟಣಿಗೆಯ ಬುಡದಲ್ಲಿ, ಎರಡು ಮೇಘಗಳು ಡಿಕ್ಕಿಯಾದಂತೆ, ಅವರು ಸಂಧಿಸಿದರು.

"ಅದು ತಡಸಲು ಅಲ್ಲ," ಎಂದು ಕಾಳಪ್ಪ ಗರ್ಜಿಸಿದ. "ದನದ ಬೆನ್ನ ನೋಡಿ ನೋಡಿ ನಿನ್ನ ಕಣ್ಣು ಮಂಜಾಗ್ಯಾವ. ಅದನ್ನ ಬಗ್ಗಿಸಿದರ ಹಪ್ಪಳ ಮುರದಂಗ ಮುರೀತೈತಿ. ಈ ದಿಂಡಿಗ ನೋಡು. ಇದರಾಗ ನಾ ಅಚ್ಚು ಮಾಡಿದ ಗಾಡಿ ಇನ್ನೂ ಓಡ್ಯಾಡತಾವ."

"ಗಾಡಿ ಅಚ್ಚು ಬಗ್ಗಬಾರದು ಮಾರಾಯಾ, ಬಿಲ್ಲು ಬಗ್ಗಬೇಕು. ನಿನ್ನ ದಿಂಡಿಗದ ಬಿಲ್ಲು ಬಗ್ಗೂದಿಲ್ಲ, ಎಳಿಯಾಂವನ ಬಗ್ಗಬೇಕಾಕ್ಕೈತಿ."

ಆ ಕಂಠಗಳ ಅಬ್ಬರಕ್ಕೆ ದಿಕ್ಕುಗಳು ನಡುಗಿದವು. ಮರದ ಎಳೆ ನೇರವೋ ಸುರುಳಿಯೋ, ತೂಕ ಹೆಚ್ಚೋ ಕಡಿಮೆಯೋ ಎಂದು ಮೂರು ಹಗಲು ವಾಗ್ಬಾಣಗಳು ಹಾರಿದವು. ನಾಲ್ಕನೆಯ ದಿನ ಬಿಷ್ಟಪ್ಪ ಕೊನೆಯ ಅಸ್ತ್ರವನ್ನು ತೆಗೆದ. ತಡಸಲಾದರೆ ತೊಗಟೆ ಲೋಳೆ ಬಿಡಲೇಬೇಕೆಂದು ಅದರ ಒಳಪದರ ಸುಲಿದು, ಜಜ್ಜಿ, ಚೊಂಬಿನ ನೀರಿನಲ್ಲಿ ನೆನೆಹಾಕಿದ. ಸ್ವಲ್ಪ ಹೊತ್ತಿಗೆ ನೀರು ಲೋಳೆಯಾಯಿತು. ಕಾಳಪ್ಪ ಬೆರಳದ್ದಿ ಎತ್ತಿದರೆ ಎಳೆ ಎಳೆಯಾಗಿ ಜೋತಿತು. ಅವನು ಬೆರಳನ್ನು ಧೋತರಕ್ಕೆ ಒರೆಸಿಕೊಂಡ.

"ತಡಸಲು ಹೌದು," ಎಂದ. "ಕೊಡು ಇತ್ತ. ಕೆತ್ತತೇನಿ."

ಸಮರ ಮುಗಿಯಿತು. ಲೋಕ ಶಾಂತವಾಯಿತು. ಆ ಶಾಂತಿಯೊಳಕ್ಕೆ ಹಸಿರು ಮೋಡವೊಂದು ಸದ್ದಿಲ್ಲದೆ ಇಳಿದು ಜೋಳದ ಮೇಲೆ ಕೂತಿತು.

ಅಟ್ಟಣಿಗೆಯ ಮೇಲಿದ್ದ ಹೊಳೆವ್ವನಿಗೆ ಆಗ ಹೊಳೆಯಿತು: ಜಗಳ ನಡೆದ ಮೂರು ದಿನ ಒಂದು ಗಿಳಿಯೂ ಬಂದಿರಲಿಲ್ಲ.

"ಕಾಳಪ್ಪಣ್ಣಾ," ಎಂದಳು ಮೆಲ್ಲಗೆ, "ನಡುವ ಒಂದು ಗಂಟು ಇದ್ದಂಗೈತೆಲ್ಲಾ?"

ಎತ್ತಿದ ಬಾಚಿ ಎತ್ತಿದಲ್ಲೇ ನಿಂತಿತು. "ಐತಿ ನೋಡವಾ. ಇಲ್ಲೇ ಮುರಿಯೂದು ಇದು."

"ಎಲ್ಲೈತಲೇ ಗಂಟು?" ಎಂದು ಬಿಷ್ಟಪ್ಪ ಸಿಡಿಲಿನಂತೆ ಎರಗಿದ. ಹಸಿರು ಮೋಡ ಎದ್ದು ಓಡಿತು.

ಅಂದಿನಿಂದ ಆ ಸಾಧ್ವಿ, ಸಂಧಾನದ ವಾಸನೆ ಬಂದಾಗಲೆಲ್ಲ ಒಂದು ಮಾತು ಉದುರಿಸುತ್ತಿದ್ದಳು. ತೊಗಟೆಯ ಕಡೆ ಬಿಲ್ಲಿನ ಬೆನ್ನೋ ಹೊಟ್ಟೆಯೋ? ನೆರಳಲ್ಲಿ ಒಣಗಿಸಬೇಕೋ, ಒಲೆಯ ಮೇಲೆ ತೂಗುಹಾಕಬೇಕೋ? ಬುಡದ ತುದಿ ಮೇಲೋ ಕೆಳಗೋ? ಒಂದೊಂದು ಪ್ರಶ್ನೆಗೆ ಎರಡೆರಡು ದಿನದ ಯುದ್ಧ. ವೀರರ ಗಂಟಲು ಕಟ್ಟಿದರೆ ಮಜ್ಜಿಗೆ ಕಾಯಿಸಿ ಕೊಡುತ್ತಿದ್ದಳು. ಇಪ್ಪತ್ತನೆಯ ದಿನ ಜೋಳ ಕೊಯ್ದು ಮನೆ ಸೇರಿತು, ಆಮೇಲೆ ಒಂದು ತೆನೆಯೂ ಬರಿದಾಗದೆ. ಬಿಲ್ಲು ಮಾತ್ರ ಇನ್ನೂ ಮರದೊಳಗೇ ಮಲಗಿತ್ತು.

ಹೊಸ ಜೋಳದ ರೊಟ್ಟಿ ತಟ್ಟಿದ ದಿನ ಇಬ್ಬರೂ ಊಟಕ್ಕೆ ಬಂದು ಹಿತ್ತಿಲಲ್ಲೇ ಕೂತರು. ಅಲ್ಲಿ ಬಟ್ಟೆ ಒಣಹಾಕುವ ಹಗ್ಗ ಜೋಲಿ ಹೊಡೆದಿತ್ತೆಂದು ಹೊಳೆವ್ವ ಆ ಎರಡೂ ದಿವ್ಯಾಯುಧಗಳನ್ನು ಆಸರೆಗೆ ನಿಲ್ಲಿಸಿದ್ದಳು. ತೊಯ್ದ ಕೌದಿಯ ಭಾರಕ್ಕೆ ತಡಸಲು ತುಸು ಬಾಗಿತ್ತು, ದಿಂಡಿಗ ಬಾಗಿರಲಿಲ್ಲ.

"ನೋಡಿದ್ಯಾ, ಬಗ್ಗತೈತಿ," ಎಂದ ಬಿಷ್ಟಪ್ಪ.

"ನೋಡಿದ್ಯಾ, ನಿಂದರತೈತಿ," ಎಂದ ಕಾಳಪ್ಪ.

"ಈಗ ಸುಮ್ಮನ ಉಣ್ರಿ," ಎಂದು ಹೊಳೆವ್ವ ಬಿಸಿ ರೊಟ್ಟಿ ಹಾಕಿದಳು. "ಜ್ವಾಳ ಮನಿಗೆ ಬಂದೈತಿ."

ಇಬ್ಬರ ಬಾಯೂ ತುಂಬಿತು. ಮಾತು ನಿಂತ ಹಿತ್ತಿಲಿಗೆ ಒಂದು ಗಿಳಿ ಬಂದು ಹಗ್ಗದ ಮೇಲೆ ಕೂತಿತು.